ಮೇಷ್ಟ್ರ ಲ್ಯಾಪ್‌ಟಾಪಿಗೆ ಹಿಡಿಸಿದ ಡ್ರೈವ್

ಹೊಸದುರ್ಗದ ಬಸ್ ಸ್ಟ್ಯಾಂಡಿನಿಂದ ಕಾಲೇಜಿನ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಇತಿಹಾಸದ ಮೇಷ್ಟ್ರು ಬೆಳಿಗ್ಗೆ ಹೊಳಲ್ಕೆರೆ ಬಸ್ಸಿಳಿದು, ಬಿಳಿ ಕೋಲು ತಟ್ಟುತ್ತ ದಿನವೂ ಅದರ ಮುಂದೆಯೇ ಹಾದು ಹೋಗುತ್ತಿದ್ದರು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ ಎನ್ನುವುದು ಬಿಟ್ಟರೆ ಅವರ ಬಗ್ಗೆ ನನಗೆ ಬೇರೇನೂ ಗೊತ್ತಿರಲಿಲ್ಲ. ಒಂದು ಸಂಜೆ ಆ ಕೋಲು ನನ್ನ ಅಂಗಡಿಯ ಮೆಟ್ಟಿಲನ್ನು ತಟ್ಟಿ ನಿಂತಿತು.

"ಇಲ್ಲಿ ಲ್ಯಾಪ್‌ಟಾಪ್ ಬಿಚ್ಚೋರು ಇದಾರಂತೆ."

"ನಾನೇ ಸರ್. ಬರ್ರಿ, ಕುಂತ್ಕಳ್ರಿ. ನಿಮ್ಮ ಬಲಗಡೆಗೆ ಸ್ಟೂಲ್ ಐತೆ."

ಅವರು ಕೈಯಿಂದ ಸ್ಟೂಲಿನ ಅಂಚು ಹುಡುಕಿ ಕೂತರು. "ಹೆಣ್ಮಗಳು ಅಂತ ಯಾರೂ ಹೇಳಿರ್ಲಿಲ್ಲ. ಕೈ ಚೆನ್ನಾಗೈತೆ ಅಂತ ಅಷ್ಟೇ ಹೇಳಿದ್ರು" ಎಂದು ನಕ್ಕು, ಚೀಲದಿಂದ ಒಂದು ದಪ್ಪನೆಯ ಕಪ್ಪು ಲ್ಯಾಪ್‌ಟಾಪ್ ತೆಗೆದು ಕೌಂಟರಿನ ಮೇಲಿಟ್ಟರು. ಈಗ ಯಾರೂ ಹೊತ್ತು ತಿರುಗದಷ್ಟು ತೂಕದ್ದು. ಮೂಲೆಗಳು ಸವೆದು ಬೂದು ಬಣ್ಣ ಬಂದಿತ್ತು. ಕೆಲವು ಕೀಲಿಗಳ ಮೇಲೆ ಗುಲಾಬಿ ಬಣ್ಣದ ಸಣ್ಣ ಹನಿಗಳಿದ್ದವು. ಮನೆಯವರ ಉಗುರು ಬಣ್ಣದಿಂದ ತಾವೇ ಇಟ್ಟುಕೊಂಡ ಗುರುತುಗಳು ಎಂದರು.

ತೊಂದರೆ ಏನೆಂದು ಹೇಳುವ ಬದಲು ತೋರಿಸಿದರು. ಲ್ಯಾಪ್‌ಟಾಪ್ ತೆರೆದು ಒಂದು ವಾಕ್ಯ ಟೈಪ್ ಮಾಡಿದರು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಅದರಲ್ಲಿತ್ತು. ಅವರ ಬೆರಳು ನಿಂತು ಸ್ವಲ್ಪ ಹೊತ್ತಾದ ಮೇಲೆ ಯಂತ್ರ ಮೊದಲನೇ ಪದ ಹೇಳಿತು.

"ಮೊದ್ಲು ನಾನು ಒತ್ತಿದ್ ತಕ್ಷಣ ಹೇಳೋದು. ಈಗ ವಾಕ್ಯ ಮುಗಿಸಿ ನೀರು ಕುಡ್ದು ಬಂದ್ರೂ ಅದಿನ್ನೂ ಮೊದ್ಲಲ್ಲೇ ಇರ್ತೈತೆ. ಹಾರ್ಡ್ ಡಿಸ್ಕಿನ ಬದ್ಲು ಎಸ್‌ಎಸ್‌ಡಿ ಅಂತ ಹಾಕಿದ್ರೆ ಚುರುಕಾಗ್ತೈತೆ ಅಂತಾರೆ. ಇಷ್ಟು ಹಳೇದಕ್ಕೆ ಅದು ಹಿಡಿಸ್ತೈತಾ ನೋಡ್ರಮ್ಮ."

ಇಂಥ ಲ್ಯಾಪ್‌ಟಾಪ್ ತಂದವರಿಗೆ ನಾನು ಸಾಮಾನ್ಯವಾಗಿ ಹೇಳುವ ಮಾತನ್ನೇ ಹೇಳಿದೆ. "ಸರ್, ಇದಕ್ಕೆ ಖರ್ಚು ಮಾಡೋ ಬದ್ಲು ಹೊಸದು ತಗಂಡ್ಬಿಡ್ರಿ."

"ಹೊಸದೊಂದು ಇದ್ರೆ ಕೊಡ್ರಿ ಇಲ್ಲಿ."

ರಿಪೇರಿಗೆ ಬಂದಿದ್ದ ತೆಳುವಾದ ಹೊಸ ಲ್ಯಾಪ್‌ಟಾಪೊಂದನ್ನು ಅವರ ಮುಂದಿಟ್ಟೆ. ಅವರ ಬೆರಳುಗಳು ಅದರ ಕೀಲಿಗಳ ಮೇಲೆ ನಿಧಾನಕ್ಕೆ ಹರಿದವು. "ನೋಡ್ರಿ, ಬಾಣದ ಕೀಲಿ ಎರಡು ಅರ್ಧರ್ಧ ಆಗವೆ. ಬಲಗಡೆ ನಂಬರಿನ ಸಾಲೇ ಇಲ್ಲ. ಇನ್ಸರ್ಟ್ ಕೀ ಇನ್ನೊಂದರ ಹೊಟ್ಟೆಯೊಳಗೆ ಸೇರ್ಕಂಡೈತೆ. ನನ್ನ ಓದೋ ತಂತ್ರಾಂಶ ನಡೆಯೋದೆಲ್ಲ ಆ ಇನ್ಸರ್ಟು, ಆ ನಂಬರಿನ ಕೀಲಿಗಳ ಮೇಲೆ. ಕಣ್ಣಿರೋರು ಕೀಲಿ ಹುಡುಕ್ತಾರೆ. ನಾನು ಹುಡುಕ್ತಾ ಕುಂತ್ರೆ ಪಾಠ ಯಾವಾಗ ಮಾಡ್ಲಿ?"

ಆಮೇಲೆ ಹೊಸದರ ಮಾತನ್ನು ನಾನು ಎತ್ತಲಿಲ್ಲ.

ಹಳೆಯ ಲ್ಯಾಪ್‌ಟಾಪಿಗೆ ಯಾವ ಡ್ರೈವ್ ಹೊಂದುತ್ತದೆ ಎಂದು ನೋಡುವುದಕ್ಕೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ತಳದ ಚೀಟಿಯಲ್ಲಿ ಮಾಡೆಲ್ ಸಂಖ್ಯೆ ಓದುವುದು, ಆಮೇಲೆ ಕಂಪನಿಯ ದುರಸ್ತಿ ಕೈಪಿಡಿ ಹುಡುಕುವುದು, ಕೊನೆಗೆ ಬಿಚ್ಚಿ ಕಣ್ಣಾರೆ ನೋಡುವುದು. ಮೇಷ್ಟ್ರ ಲ್ಯಾಪ್‌ಟಾಪಿನ ಚೀಟಿ ಅರ್ಧ ಅಳಿಸಿತ್ತು. ಮಾಡೆಲ್ ಹೆಸರು ಸಿಕ್ಕಿತು, ಅದರ ಮುಂದಿನ ಅಕ್ಷರಗಳು ಸಿಗಲಿಲ್ಲ. ಒಂದೇ ಹೆಸರಿನಲ್ಲಿ ಕಂಪನಿಗಳು ಬೇರೆ ಬೇರೆ ಮದರ್‌ಬೋರ್ಡ್ ಹಾಕಿ ಮಾರುವುದುಂಟು. ಅದಕ್ಕೇ ಆ ಮುಂದಿನ ಅಕ್ಷರಗಳು ಮುಖ್ಯ. ಕೈಪಿಡಿಯ ಪ್ರಕಾರ ಈ ಮಾಡೆಲಿಗೆ ಹಾರ್ಡ್ ಡಿಸ್ಕ್ ಕೂರುವ ಜಾಗವಲ್ಲದೆ, ‘ಎಂ-ಟು’ ಎಂದು ಕರೆಯುವ ಒಂದು ಸಣ್ಣ ಸ್ಲಾಟ್ ಕೂಡ ಇರಬೇಕು. ಅದರಲ್ಲಿ ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದ ಅಗಲದ ಎಸ್‌ಎಸ್‌ಡಿ ಕೂರುತ್ತದೆ. ಹಾಗಾದರೆ ಕೆಲಸ ಸುಲಭ. ವಿಂಡೋಸ್ ಹೊಸ ಪಟ್ಟಿಗೆ ಬರುತ್ತದೆ, ಮೇಷ್ಟ್ರ ಕಡತಗಳು ಹಳೆಯ ಹಾರ್ಡ್ ಡಿಸ್ಕಿನಲ್ಲೇ ಇರುತ್ತವೆ.

ತಳ ಬಿಚ್ಚಿದೆ. ಸ್ಲಾಟ್ ಇತ್ತು, ಖಾಲಿಯಾಗಿತ್ತು. ಬಿಚ್ಚುವ ಮೊದಲೇ ಹಾರ್ಡ್ ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಓಡಿಸಿದ್ದೆ. ಎಲ್ಲ ಸರಿಯಿದೆ ಎಂದಿತ್ತು.

"ಸ್ಲಾಟ್ ಐತೆ ಸರ್" ಎಂದೆ.

"ಎಲ್ಲೈತೆ? ಮುಟ್ಟಬಹುದಾ?"

ಬ್ಯಾಟರಿ ತೆಗೆದಿದ್ದೆ. ಅವರ ತೋರುಬೆರಳು ಹಿಡಿದು ಸ್ಲಾಟಿನ ಬಾಯಿಯ ಮೇಲಿಟ್ಟೆ. ಉಗುರಿನ ತುದಿಯಿಂದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸವರಿದರು. ಅಲ್ಲೊಂದು ಪ್ಲಾಸ್ಟಿಕ್ಕಿನ ಸಣ್ಣ ಹಲ್ಲು ಇರುತ್ತದೆ. ಅದರ ಹತ್ತಿರ ಬಂದಾಗ ಬೆರಳು ನಿಂತಿತು.

"ಇದ್ಯಾಕೆ ಇಲ್ಲಿ ಅಡ್ಡ ನಿಂತೈತೆ?"

"ತಪ್ಪು ಪಟ್ಟಿ ಹೋಗಬಾರದು ಅಂತ ಸರ್. ಪಟ್ಟಿಯಲ್ಲೂ ಅದೇ ಜಾಗದಲ್ಲಿ ಒಂದು ಕಚ್ಚು ಇರ್ಬೇಕು. ಕಚ್ಚು, ಹಲ್ಲು ಎರಡೂ ಕೂಡಿದ್ರೆ ಒಳಗೆ ಹೋಗ್ತೈತೆ."

ನನ್ನ ಹತ್ತಿರ ಇದ್ದದ್ದು ಈಗಿನ ಕಾಲದ ವೇಗದ ಪಟ್ಟಿ. ಅದನ್ನು ಕೈಗೆ ಕೊಟ್ಟೆ. ಬಲಗೈಯಲ್ಲಿ ಪಟ್ಟಿ, ಎಡಗೈ ಬೆರಳು ಸ್ಲಾಟಿನ ಮೇಲೆ, ತಲೆ ಸ್ವಲ್ಪ ವಾಲಿಸಿ ಕೂತರು. ಕಚ್ಚು ಒಂದು ತುದಿಗಿತ್ತು, ಹಲ್ಲು ಇನ್ನೊಂದು ತುದಿಗಿತ್ತು. ನನಗೂ ಆ ಹೊತ್ತಿಗೆ ಅದು ಕಂಡಿತ್ತು. ನಾನು ಬಾಯಿ ಬಿಡುವ ಮೊದಲೇ ಅವರು ಪಟ್ಟಿಯನ್ನು ವಾಪಸು ಚಾಚಿದರು.

"ಇವರಿಬ್ಬರದ್ದೂ ಮುಖ ಬೇರೆ ಬೇರೆ ಕಡೆಗೈತೆ. ಆಗಲ್ಲ, ಅಲ್ವೇನ್ರಿ?"

"ಆಗಲ್ಲ ಸರ್. ಇದಕ್ಕೆ ಹಳೇ ತರದ್ದು, ಸಾಟಾ ಅಂತಾರೆ, ಅದು ಬೇಕು. ಅದಕ್ಕೆ ಎರಡೂ ಕಡೆ ಕಚ್ಚು ಇರ್ತೈತೆ."

ಗಿರಾಕಿಗಳು ನನಗೆ ಲ್ಯಾಪ್‌ಟಾಪ್ ಕೊಟ್ಟು ಮೊಬೈಲ್ ನೋಡುತ್ತ ಕೂರುತ್ತಾರೆ. ಒಳಗೆ ಏನಿದೆ ಎಂದು ಕೇಳುವವರೇ ಕಡಿಮೆ. ಇವರು ಆ ಸಂಜೆ ಫ್ಯಾನು, ಮೆಮೊರಿ, ಬ್ಯಾಟರಿಯ ತಂತಿ, ಹಾರ್ಡ್ ಡಿಸ್ಕು ಎಲ್ಲವನ್ನೂ ಮುಟ್ಟಿ, ಹೆಸರು ಕೇಳಿ, ಒಂದು ಸಲ ತಾವೇ ಹೇಳಿ ಖಾತ್ರಿ ಮಾಡಿಕೊಂಡು ಬಸ್ಸಿಗೆ ಹೋದರು. ಅಷ್ಟು ವರ್ಷ ತೊಡೆಯ ಮೇಲಿಟ್ಟುಕೊಂಡ ಯಂತ್ರದ ಒಳಮನೆ ಇವತ್ತು ಗೊತ್ತಾಯಿತು ಎಂದರು.

ಚಿತ್ರದುರ್ಗದಲ್ಲಿ ನನಗೆ ಬಿಡಿಭಾಗ ಒದಗಿಸುವ ವ್ಯಾಪಾರಿಗೆ ಫೋನ್ ಮಾಡಿದೆ.

"ಎಂ-ಟು ಸಾಟಾ ಈಗ ಯಾರು ಕೇಳ್ತಾರಕ್ಕಾ" ಎಂದ.

"ನಾನು ಕೇಳ್ತಿದೀನಲ್ಲಣ್ಣ. ಹುಡುಕು. ಮೇಷ್ಟ್ರಿಗೆ ಬೇಕು."

"ಯಾವ ಮೇಷ್ಟ್ರು? ಹೊಳಲ್ಕೆರೆ ಬಸ್ಸಲ್ಲಿ ಬರ್ತಾರಲ್ಲ, ಅವರಾ? ನಮ್ಮ ಅಕ್ಕನ ಮಗಳು ಅವರ ಹತ್ರ ಓದಿದ್ಲು. ತಡಿ, ಗೋಡೌನ್ ನೋಡ್ತೀನಿ."

ಪಟ್ಟಿ ಸಿಕ್ಕಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಮೇಷ್ಟ್ರು ಒಂದು ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಲ್ಯಾಪ್‌ಟಾಪ್ ತಂದರು. ಈ ಸಲ ಪಟ್ಟಿಯನ್ನು ಸ್ಲಾಟಿಗೆ ಸೇರಿಸುವ ಕೆಲಸವನ್ನು ಅವರ ಕೈಗೇ ಕೊಟ್ಟೆ. ಓರೆಯಾಗಿ ಹಿಡಿದು ಒಳಗೆ ತಳ್ಳಬೇಕು, ಆಮೇಲೆ ಕೆಳಗೆ ಒತ್ತಿ ಒಂದು ಸ್ಕ್ರೂ ಹಾಕಬೇಕು. ಪಟ್ಟಿ ಒಳಗೆ ಸರಿದು ಕೂತಾಗ ಅವರ ಮುಖದಲ್ಲಿ ಕಂಡ ಸಂತೋಷ ನನಗೂ ಹತ್ತಿತು. ಸ್ಕ್ರೂ ಬಿಗಿ ಮಾಡಿದೆ. ಲ್ಯಾಪ್‌ಟಾಪ್ ಚಾಲೂ ಮಾಡಿ ಬಯಾಸ್ ತೆರೆದೆ. ವಿಂಡೋಸ್ ಶುರುವಾಗುವ ಮೊದಲೇ ಬರುವ, ಯಂತ್ರದೊಳಗೆ ಏನೇನಿದೆ ಎಂದು ತೋರಿಸುವ ಪರದೆ ಅದು. ಅಲ್ಲಿ ಓದುವ ತಂತ್ರಾಂಶ ಇನ್ನೂ ಎದ್ದಿರುವುದಿಲ್ಲ. ಆದ್ದರಿಂದ ನಾನೇ ಓದಿ ಹೇಳಿದೆ.

"ಹಾರ್ಡ್ ಡಿಸ್ಕ್ ತೋರಿಸ್ತೈತೆ ಸರ್. ಡಿವಿಡಿ ತೋರಿಸ್ತೈತೆ. ಹೊಸ ಪಟ್ಟಿ..."

ಹೊಸ ಪಟ್ಟಿ ಇರಲಿಲ್ಲ. ತೆಗೆದು, ತುದಿ ಒರೆಸಿ, ಮತ್ತೆ ಕೂರಿಸಿದೆ. ಇಲ್ಲ. ಬಯಾಸಿನ ಸೆಟ್ಟಿಂಗುಗಳನ್ನು ಮೊದಲಿನ ಸ್ಥಿತಿಗೆ ತಂದು ನೋಡಿದೆ. ಇಲ್ಲ. ಅದೇ ಪಟ್ಟಿಯನ್ನು ಬೇರೊಂದು ಲ್ಯಾಪ್‌ಟಾಪಿಗೆ ಹಾಕಿದರೆ ತಕ್ಷಣ ಕಂಡಿತು. ಅಂದರೆ ಪಟ್ಟಿಯಲ್ಲಿ ದೋಷವಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದು ಮದರ್‌ಬೋರ್ಡಿನ ಮೇಲೆ ಮುದ್ರಿಸಿದ್ದ ಸಂಖ್ಯೆ ಓದಿ, ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕಿದೆ. ಈ ಬೋರ್ಡಿನಲ್ಲಿ ಆ ಸ್ಲಾಟ್ ಮೊಬೈಲ್ ಸಿಮ್ಮಿನ ಇಂಟರ್ನೆಟ್ ಕಾರ್ಡಿಗೆ ಮಾತ್ರ. ಎಸ್‌ಎಸ್‌ಡಿಗೆ ಬೇಕಾದ ತಂತಿಗಳನ್ನು ಅಲ್ಲಿಗೆ ಎಳೆದೇ ಇರಲಿಲ್ಲ. ಬಾಯಿ ಒಂದೇ ಅಳತೆಯದ್ದು, ಹಿಂದೆ ಏನೂ ಇಲ್ಲ.

ಅವರಿಗೆ ಇದನ್ನು ಹೇಳುವಾಗ ನನ್ನ ದನಿ ಇಳಿದಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಕೂತಿದ್ದೆಲ್ಲ ಹೊಂದಿದ್ದು ಅಂತ ಅಲ್ಲ ಅನ್ನಿ" ಎಂದು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಪಟ್ಟಿ ತೆಗೆದು ನಾನು ಮತ್ತೆ ಚಾಲೂ ಮಾಡಿದ್ದ ಲ್ಯಾಪ್‌ಟಾಪಿನ ಎಡಮೂಲೆಗೆ ತಲೆ ಬಗ್ಗಿಸಿ ಕಿವಿ ತಂದರು.

"ಸುಮ್ನಿರ್ರಿ ಒಂದು ನಿಮಿಷ."

ಹೊರಗೆ ಆಟೋಗಳ ಸದ್ದು, ಬಸ್ಸಿನ ಕಂಡಕ್ಟರ್ ಹುಳಿಯಾರು ಹುಳಿಯಾರು ಎಂದು ಕೂಗುವ ಸದ್ದು. ನನಗೆ ಬೇರೇನೂ ಕೇಳಿಸಲಿಲ್ಲ.

"ಟಿಕ್ ಅಂತೈತೆ. ಬಿಟ್ಟು ಬಿಟ್ಟು. ನೀವು ಮೊನ್ನೆ ಹಾರ್ಡ್ ಡಿಸ್ಕ್ ಅಂತ ಮುಟ್ಟಿಸಿದ್ರಲ್ಲ, ಅಲ್ಲಿಂದ ಬರ್ತೈತೆ. ಇದು ನಿನ್ನೆವರೆಗೂ ಇರ್ಲಿಲ್ಲ."

ನಾನು ಕಿವಿ ಇಟ್ಟೆ. ಬಹಳ ಹೊತ್ತಾದ ಮೇಲೆ ಒಂದು ಸಲ ಕೇಳಿತು. ಆರೋಗ್ಯ ನೋಡುವ ತಂತ್ರಾಂಶವನ್ನು ಮತ್ತೆ ಓಡಿಸಿದೆ. ಅವತ್ತು ಸರಿಯಿದೆ ಎಂದಿದ್ದು ಈಗ ಕೆಂಪು ತೋರಿಸಿತು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಓದಲಾಗದ ಜಾಗಗಳು ಹುಟ್ಟುತ್ತಿದ್ದವು. ಓದುವ ಮುಳ್ಳು ಅಲ್ಲಿ ಎಡವಿ ಹಿಂದಕ್ಕೆ ಬಂದಾಗ ಆ ಟಿಕ್ ಸದ್ದು ಬರುತ್ತದೆ. ತಕ್ಷಣ ಲ್ಯಾಪ್‌ಟಾಪ್ ಆಫ್ ಮಾಡಿದೆ. ಸಾಯುತ್ತಿರುವ ಡಿಸ್ಕನ್ನು ಓಡಿಸಿದಷ್ಟೂ ಅದರ ಆಯಸ್ಸು ಕಡಿಮೆ.

"ಸರ್, ಇದರೊಳಗೆ ಮುಖ್ಯವಾದ್ದು ಏನೈತೆ? ಬೇರೆ ಕಡೆ ಕಾಪಿ ಇಟ್ಟಿದೀರಾ?"

ಅವರು ಉತ್ತರ ಕೊಡುವ ಮೊದಲೇ ಅವರ ಮೊಬೈಲ್ ರಿಂಗಾಯಿತು. ಅವರು ಫೋನನ್ನು ಸ್ಪೀಕರಿನಲ್ಲೇ ಇಟ್ಟು ಮಾತಾಡುತ್ತಾರೆ. ಒಬ್ಬ ಹುಡುಗಿಯ ದನಿ.

"ಸರ್, ಕೊನೇ ನಾಲ್ಕು ಪಾಠ ಯಾವಾಗ ಕಳಿಸ್ತೀರಿ? ಪರೀಕ್ಷೆ ಹತ್ರ ಬಂತು. ಚಿತ್ರದುರ್ಗದ ಹಾಸ್ಟೆಲ್ಲಿನೋರೂ ನನ್ನೇ ಕೇಳ್ತಾವ್ರೆ."

"ಕಳಿಸ್ತೀನಮ್ಮ. ಕಳಿಸಿದ್ದು ಕೇಳಿದ್ಯಾ?"

"ಎರಡೆರಡು ಸಲ ಕೇಳೀನಿ ಸರ್. ಬಸ್ಸಲ್ಲಿ ಬರ್ತಾ ಒಂದ್ಸಲ, ಹೋಗ್ತಾ ಒಂದ್ಸಲ."

ಫೋನ್ ಇಟ್ಟ ಮೇಲೆ ಮೇಷ್ಟ್ರು ಹೇಳಿದರು. ಆ ಹುಡುಗಿ ಜವನಗೊಂಡನಹಳ್ಳಿಯವಳು, ಹಿರಿಯೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಪಿಯುಸಿ ಓದುತ್ತಿದ್ದಾಳೆ. ಅವಳಿಗೂ ಕಣ್ಣು ಕಾಣದು. ಜಿಲ್ಲೆಯಲ್ಲಿ ಅವಳಂಥ ಇನ್ನೂ ಕೆಲವು ಮಕ್ಕಳಿದ್ದಾರೆ. ಪಠ್ಯಪುಸ್ತಕ ಅವರ ಕೈಗೆ ಸಿಕ್ಕರೂ ಓದುವವರು ಬೇಕು. ಆದ್ದರಿಂದ ಮೇಷ್ಟ್ರು ಇಡೀ ಇತಿಹಾಸದ ಪಠ್ಯವನ್ನು ತಮ್ಮ ದನಿಯಲ್ಲಿ ಪಾಠದಂತೆ ಹೇಳಿ, ಧ್ವನಿಮುದ್ರಿಸಿ, ಅವರ ಮೊಬೈಲುಗಳಿಗೆ ಕಳಿಸುತ್ತಾರೆ. ಬೆಳಿಗ್ಗೆ ಬೀದಿ ಎದ್ದೇಳುವ ಮೊದಲು ಹೊಳಲ್ಕೆರೆಯ ಮನೆಯಲ್ಲಿ ಕೂತು ಹೇಳುತ್ತಾರೆ. ಹೋದ ವರ್ಷದ್ದು ಪೆನ್‌ಡ್ರೈವಿನಲ್ಲಿತ್ತು. ಪಠ್ಯ ಬದಲಾದ ಭಾಗದ ಕೊನೆಯ ನಾಲ್ಕು ಪಾಠಗಳು ಈ ಡಿಸ್ಕಿನಲ್ಲಿ ಮಾತ್ರ ಇದ್ದವು. ಒಂದಿಷ್ಟು ಸರಿಪಡಿಸಿ ಕಳಿಸೋಣವೆಂದು ಇಟ್ಟುಕೊಂಡಿದ್ದರು, ಅಷ್ಟರಲ್ಲಿ ಯಂತ್ರ ನಿಧಾನವಾಗಿತ್ತು.

ಡಿಸ್ಕಿನಲ್ಲಿ ಇನ್ನೊಂದೂ ಇತ್ತು. ಅವರ ಓದುವ ತಂತ್ರಾಂಶಕ್ಕೆ ಕನ್ನಡ ಪದಗಳ ಉಚ್ಚಾರ ಸರಿಯಾಗಿ ಬರುತ್ತಿರಲಿಲ್ಲ. ಶಾಸನ, ಸಾಮಂತ, ಊರಿನ ಹೆಸರುಗಳು, ಎಲ್ಲದರಲ್ಲೂ ಎಡವುತ್ತಿತ್ತು. ಅವರು ವರ್ಷಗಟ್ಟಲೆ ಒಂದೊಂದೇ ಪದವನ್ನು ಅದಕ್ಕೆ ಕಲಿಸಿ, ತಮ್ಮದೇ ಒಂದು ಉಚ್ಚಾರದ ಕೋಶ ಕಟ್ಟಿದ್ದರು. ಅದರ ಜೊತೆಗೆ ಅವರ ಬೆರಳಿಗೆ ಒಗ್ಗಿಸಿಕೊಂಡ ನೂರೆಂಟು ಸೆಟ್ಟಿಂಗುಗಳು. ಇವೆಲ್ಲ ವಿಂಡೋಸಿನ ಒಳಗೆ ಎಲ್ಲೆಲ್ಲೋ ಹರಡಿರುತ್ತವೆ. ಉಳಿಯಬೇಕಾದರೆ ಇಡೀ ಡಿಸ್ಕನ್ನು ಮೊದಲ ಅಂಚಿನಿಂದ ಕೊನೆಯ ಅಂಚಿನವರೆಗೆ ಹಾಗೆಹಾಗೇ ನಕಲಿಸಬೇಕು. ನನಗೆ ಆ ದಾರಿಯೇ ಇಷ್ಟವಾಗಿತ್ತು. ಎಲ್ಲ ಒಟ್ಟಿಗೆ ಬಂದುಬಿಟ್ಟರೆ ಅವರು ನಾಳೆಯೇ ಮೊದಲಿನಂತೆ ಕೂತು ಕೆಲಸ ಮಾಡಬಹುದು. ಆದರೆ ಅಷ್ಟು ಹೊತ್ತು ಈ ಡಿಸ್ಕ್ ಬದುಕಿರುತ್ತದೆಯೇ ಎನ್ನುವುದು ಗೊತ್ತಿರಲಿಲ್ಲ. ಇಡೀ ಡಿಸ್ಕ್ ನಕಲಿಸುವುದು, ಇಲ್ಲವೇ ಮೊದಲು ನಾಲ್ಕು ಪಾಠಗಳನ್ನಷ್ಟೇ ತೆಗೆಯುವುದು, ಎರಡೂ ದಾರಿಯನ್ನು ಅವರ ಮುಂದಿಟ್ಟೆ.

ಅವರು ಯೋಚಿಸಲಿಕ್ಕೆ ತೆಗೆದುಕೊಂಡ ಹೊತ್ತು ತೀರಾ ಕಡಿಮೆ.

"ಮೊದ್ಲು ಪಾಠ ತೆಗೀರಿ."

"ಸರ್, ಪಾಠ ತೆಗೆಯೋದ್ರೊಳಗೆ ಡಿಸ್ಕ್ ಹೋದ್ರೆ ನೀವು ಕಲಿಸಿದ್ದೆಲ್ಲ ಹೋಗ್ತೈತೆ. ಅಷ್ಟು ವರ್ಷದ್ದು."

"ಯಂತ್ರಕ್ಕೆ ಕಲಿಸಿದ್ದು ತಾನೆ? ಇನ್ನೊಂದ್ಸಲ ಕಲಿಸ್ತೀನಿ, ಅದಕ್ಕೇನು ಪರೀಕ್ಷೆ ಇಲ್ಲ. ಆ ಮಕ್ಕಳಿಗೈತೆ."

ಆ ಮಾತಿನಲ್ಲಿ ತ್ಯಾಗದ ಗತ್ತು ಒಂದಿಷ್ಟೂ ಇರಲಿಲ್ಲ. ಯಾವ ಬಸ್ಸಿಗೆ ಹೋಗಾಣ ಎಂದು ತೀರ್ಮಾನಿಸುವ ದನಿಯಲ್ಲಿ ಹೇಳಿದರು. ನನ್ನ ಕಸುಬಿನಲ್ಲಿ ಡಿಸ್ಕ್ ಹೋಯಿತೆಂದರೆ ಜನ ಹೇಗಾಗುತ್ತಾರೆ ಎಂದು ನೋಡಿದ್ದೇನೆ. ಕೆಲವರು ಕೂಗುತ್ತಾರೆ, ಕೆಲವರು ಎಲ್ಲವೂ ಬೇಕೆಂದು ಹಟ ಹಿಡಿಯುತ್ತಾರೆ. ತಮಗೆ ಏನು ಬೇಕು, ಏನು ಬಿಡಬಹುದು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ.

ಡಿಸ್ಕನ್ನು ಲ್ಯಾಪ್‌ಟಾಪಿನಿಂದ ತೆಗೆದು ದಪ್ಪ ಸ್ಪಂಜಿನ ಮೇಲೆ ಮಲಗಿಸಿದೆ. ಬಿಸಿಯಾಗದಂತೆ ಟೇಬಲ್ ಫ್ಯಾನ್ ತಿರುಗಿಸಿದೆ. ಯುಎಸ್‌ಬಿ ತಂತಿಯಿಂದ ನನ್ನ ಕಂಪ್ಯೂಟರಿಗೆ ಸೇರಿಸಿ, ಅದನ್ನು ಓದಲಿಕ್ಕೆ ಮಾತ್ರ ಬಿಡುವ, ಅದರ ಮೇಲೆ ಏನೂ ಬರೆಯಗೊಡದ ವಿಧಾನದಲ್ಲಿ ತೆರೆದೆ. ಫೋಲ್ಡರುಗಳನ್ನು ಹುಡುಕುತ್ತ ತೆರೆಯುತ್ತ ಹೋದರೆ ಡಿಸ್ಕಿಗೆ ದಣಿವು. ಹುಡುಕುವ ಅಗತ್ಯವೇ ಬರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತು ಯಾವ ಫೋಲ್ಡರಿನೊಳಗೆ ಯಾವುದು, ಅದರೊಳಗೆ ಕಡತದ ಹೆಸರು ಏನು ಎಂದು ಅಕ್ಷರ ಬಿಡದೆ ಹೇಳಿದರು. ನಾನು ನೇರವಾಗಿ ಅಲ್ಲಿಗೇ ಹೋದೆ.

ಮೊದಲನೇ ಪಾಠ ಬಂತು. ಎರಡನೆಯದು ಅರ್ಧಕ್ಕೆ ನಿಂತು, ಡಿಸ್ಕ್ ಟಿಕ್ ಟಿಕ್ ಎಂದು ಹೆಣಗಿತು. ತಂತಿ ಕಳಚಿ, ಅದು ತಣ್ಣಗಾಗುವವರೆಗೆ ಚಹಾ ತರಿಸಿಕೊಂಡು ಕಾದೆವು. ಮತ್ತೆ ಸೇರಿಸಿದಾಗ ಉಳಿದರ್ಧವೂ ಬಂತು. ಮೂರನೆಯದೂ ಬಂತು. ಒಂದೊಂದು ಬಂದಾಗಲೂ ನಾನು ಅದರ ಆರಂಭ, ನಡು, ಕೊನೆಯನ್ನು ಒಂದಿಷ್ಟು ಕೇಳಿಸುತ್ತಿದ್ದೆ. ಅವರು "ಸರಿಯಾಗೈತೆ, ಮುಂದೆ" ಎನ್ನುತ್ತಿದ್ದರು. ನಾಲ್ಕನೆಯದು ಶಾಸನಗಳ ಪಾಠ. ಅದನ್ನು ನಕಲಿಸುತ್ತಿರುವಾಗ ಡಿಸ್ಕಿನ ತಿರುಗುವ ಸದ್ದು ಒಮ್ಮೆ ಏರಿ, ನಿಧಾನಕ್ಕೆ ಇಳಿದು, ಪೂರ್ತಿ ನಿಂತಿತು. ಈ ಸಲ ನನಗೂ ಚೆನ್ನಾಗಿ ಕೇಳಿಸಿತು.

"ನಿಂತೋಯ್ತು" ಎಂದರು ಮೇಷ್ಟ್ರು.

ತಣ್ಣಗಾಗಿಸಿದೆ, ಬೇರೆ ತಂತಿ ಹಾಕಿದೆ. ಅದು ಮತ್ತೆ ಏಳಲಿಲ್ಲ. ದೊಡ್ಡ ಊರಿನ ಪ್ರಯೋಗಾಲಯಗಳಲ್ಲಿ ಡಿಸ್ಕ್ ಬಿಚ್ಚಿ ಒಳಗಿನದನ್ನು ತೆಗೆಯುತ್ತಾರೆ, ಕಳಿಸೋಣವೇ ಎಂದು ಕೇಳಿದೆ. ಅದು ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ ಎಂದರು. "ಮೂರು ಬಂದ್ವಲ್ಲ. ಅವನ್ನ ಈಗ್ಲೇ ಆ ಹುಡುಗಿಗೆ ಕಳಿಸಾಣ. ಅವಳು ಎಲ್ಲರಿಗೂ ಹಂಚ್ತಾಳೆ. ನಾಲ್ಕನೇದು ಹೊಸದಾಗಿ ಹೇಳ್ತೀನಿ. ಹೇಳಾಕೆ ಯಂತ್ರ ಒಂದು ಬೇಕು ಅಷ್ಟೆ. ಅದು ನಿಮ್ಮ ಕೈಲೈತೆ."

ಅವತ್ತು ಅವರನ್ನು ಬಸ್ಸು ಹತ್ತಿಸಿ ಬಂದು ಚಿತ್ರದುರ್ಗಕ್ಕೆ ಮತ್ತೆ ಫೋನ್ ಮಾಡಿದೆ. ವ್ಯಾಪಾರಿ ಎಂ-ಟು ಪಟ್ಟಿಯನ್ನು ವಾಪಸು ತೆಗೆದುಕೊಳ್ಳಲು ಒಪ್ಪಿ, ಹಾರ್ಡ್ ಡಿಸ್ಕಿನ ಆಕಾರದಲ್ಲೇ ಬರುವ ಎರಡೂವರೆ ಇಂಚಿನ ಎಸ್‌ಎಸ್‌ಡಿಯನ್ನು ಬಸ್ಸಿಗೆ ಹಾಕಿದ. ಈ ಸಲ ನಾನು ಯಾವುದನ್ನೂ ಊಹೆಗೆ ಬಿಡಲಿಲ್ಲ. ಸತ್ತ ಡಿಸ್ಕನ್ನು ಪಕ್ಕದಲ್ಲಿಟ್ಟು ಹೊಸದನ್ನು ಹೋಲಿಸಿದೆ. ಉದ್ದ, ಅಗಲ, ಪಕ್ಕದ ಸ್ಕ್ರೂ ತೂತುಗಳು, ಹಿಂದಿನ ಸಾಟಾ ಬಾಯಿ ಎಲ್ಲ ಒಂದೇ. ದಪ್ಪ ಮಾತ್ರ ಬೇರೆ. ಹಳೆಯದು ಒಂಬತ್ತೂವರೆ ಮಿಲಿಮೀಟರ್, ಹೊಸದು ಏಳು. ದಪ್ಪ ಹೆಚ್ಚಾಗಿದ್ದರೆ ಜಾಗದಲ್ಲಿ ಕೂರುತ್ತಲೇ ಇರಲಿಲ್ಲ. ಕಡಿಮೆಯಾದರೆ ಕೂರುತ್ತದೆ, ಆದರೆ ಮೇಲೆ ಸಂದು ಉಳಿದು ಅಲುಗಾಡುತ್ತದೆ. ದಿನವೂ ಬಸ್ಸಿನಲ್ಲಿ ಓಡಾಡುವ ಲ್ಯಾಪ್‌ಟಾಪ್ ಅದು. ಅಲುಗಿ ಅಲುಗಿ ಹಿಂದಿನ ಬಾಯಿ ಸಡಿಲವಾದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಮುಂದಿನ ಭಾನುವಾರ ಮೇಷ್ಟ್ರು ಬಂದರು. ಗಟ್ಟಿ ಪ್ಲಾಸ್ಟಿಕ್ ಫೈಲಿನ ಹೊದಿಕೆಯಿಂದ ಚೌಕಟ್ಟಿನ ಆಕಾರದ ತುಂಡುಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ಎಸ್‌ಎಸ್‌ಡಿಯ ಬೆನ್ನಿಗೆ ಕೂರಿಸಿದೆ. ತಳ ಮುಚ್ಚಿ ಲ್ಯಾಪ್‌ಟಾಪನ್ನು ಅವರ ಕೈಗೆ ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

"ಇನ್ನೂ ಆಡ್ತೈತೆ."

ಬಿಚ್ಚಿ ಇನ್ನೊಂದು ಪದರ ಸೇರಿಸಿದೆ. ಈಗ ತಳದ ಮುಚ್ಚಳ ಉಬ್ಬಿತು. ಅದನ್ನೂ ಅವರೇ ಬೆರಳು ಸವರಿ ಹೇಳಿದರು. ಆ ಪದರ ತೆಗೆದು, ಅದರ ಜಾಗಕ್ಕೆ ತೆಳುವಾದ ಬೇರೊಂದು ಹಾಕಿದೆ. ಮೂರನೇ ಸಲ ಅಲ್ಲಾಡಿಸಿ, ಎರಡೂ ಕಿವಿಗೆ ಹಿಡಿದು, ತಲೆದೂಗಿದರು. ಬಯಾಸ್ ತೆರೆದೆ. ಎಸ್‌ಎಸ್‌ಡಿಯ ಹೆಸರು ಮೊದಲನೇ ಸಾಲಿನಲ್ಲೇ ಇತ್ತು. ಅದನ್ನು ಓದಿ ಹೇಳಿದೆ. "ಇನ್ನೊಂದ್ಸಲ ಓದ್ರಿ" ಎಂದರು. ಓದಿದೆ.

ವಿಂಡೋಸ್ ಹಾಕುವ ಕೆಲಸ ನನ್ನದು ಎಂದುಕೊಂಡಿದ್ದೆ. ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ವಿಂಡೋಸ್ ಹಾಕುವಾಗಲೂ ಮಾತಾಡುವ ಒಂದು ಸಹಾಯಕ ದನಿ ಅದರಲ್ಲೇ ಇರುತ್ತದೆ, ಮೂರು ಕೀಲಿ ಒಟ್ಟಿಗೆ ಒತ್ತಿದರೆ ಏಳುತ್ತದೆ. ಅದು ನನಗೆ ಗೊತ್ತಿತ್ತು, ಆದರೆ ಯಾರೂ ಬಳಸಿದ್ದನ್ನು ನೋಡಿರಲಿಲ್ಲ. ಆ ದನಿ ಇಂಗ್ಲಿಷಿನಲ್ಲಿ ನನಗೆ ಹಿಡಿಯಲಾಗದ ವೇಗದಲ್ಲಿ ಮಾತಾಡುತ್ತ ಹೋಯಿತು, ಅವರ ಬೆರಳು ಅದರ ಮಾತು ಮುಗಿಯುವ ಮೊದಲೇ ಉತ್ತರ ಒತ್ತುತ್ತ ಹೋಯಿತು. ಪರದೆ ನನ್ನ ಕಡೆಗಿರಲಿಲ್ಲ, ಅವರಿಗೆ ಬೇಕಾಗಿರಲಿಲ್ಲ. ನಾನು ಇನ್ನೊಂದು ರಿಪೇರಿ ಕೈಗೆತ್ತಿಕೊಂಡು ಅದನ್ನು ಮುಟ್ಟದೆ ಅವರನ್ನೇ ನೋಡುತ್ತ ಕೂತೆ. ತಮ್ಮ ಓದುವ ತಂತ್ರಾಂಶವನ್ನೂ ಹಾಕಿಕೊಂಡರು. ಒಂದು ಅಕ್ಷರ ಒತ್ತಿದರು. ಬೆರಳು ಮೇಲೇಳುವ ಮೊದಲೇ ಯಂತ್ರ ಅದನ್ನು ಹೇಳಿತು. ಹತ್ತಾರು ಅಕ್ಷರ ಸುಮ್ಮನೆ ಒತ್ತುತ್ತ, ಅದು ಹೇಳುವುದನ್ನು ಕೇಳುತ್ತ, ಬಹಳ ದಿನದ ಮೇಲೆ ಸಿಕ್ಕ ಗೆಳೆಯನ ಜೊತೆ ಮಾತಾಡುವವರಂತೆ ಕೂತಿದ್ದರು.

"ಇಲ್ಲೇ ಹೇಳಿಬಿಡ್ಲಾ ನಾಲ್ಕನೇ ಪಾಠ? ಭಾನುವಾರ, ರಸ್ತೆ ಸ್ವಲ್ಪ ಸುಮ್ನೈತೆ" ಎಂದರು.

ಅಂಗಡಿಯ ಷಟರನ್ನು ಮುಕ್ಕಾಲು ಇಳಿಸಿ, ಫ್ಯಾನ್ ನಿಲ್ಲಿಸಿದೆ. ಅವರು ಚೀಲದಿಂದ ಬ್ರೈಲ್ ಹಾಳೆಯೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರೂ ಅದರ ಮೇಲೆ ಕೈ ಇಟ್ಟದ್ದು ಒಂದೆರಡು ಸಲ ಮಾತ್ರ. ಇಷ್ಟು ದಿನ ನನ್ನ ಜೊತೆ ಮಾತಾಡುತ್ತಿದ್ದ ದನಿ ಹೋಗಿ ಪಾಠದ ದನಿ ಬಂತು, ಪ್ರತಿ ಪದಕ್ಕೂ ಜಾಗ ಕೊಡುವ ದನಿ. ನಮ್ಮದೇ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಮೌರ್ಯರ ಕಾಲದಲ್ಲಿ ಕೆತ್ತಿದ ಶಾಸನದ ಪಾಠ ಅದು. ದೊರೆಯ ಮಾತು ಎಷ್ಟು ದೂರದಿಂದ ಬಂತು, ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಬರೆದ ಲಿಪಿಕಾರ ಕೊನೆಯ ಒಂದು ಪದವನ್ನು ಮಾತ್ರ ಗಾಂಧಾರದ ಕಡೆಯ ಬೇರೆ ಲಿಪಿಯಲ್ಲಿ ಬರೆದು ತನ್ನ ಗುರುತು ಬಿಟ್ಟಿದ್ದು, ಇದನ್ನೆಲ್ಲ ಅವರು ಆ ಬಂಡೆಯ ಮುಂದೆ ನಿಂತವರಂತೆ ಹೇಳಿದರು. ಬಂಡೆ ಎಷ್ಟು ಒರಟು, ಅಕ್ಷರ ಎಷ್ಟು ಆಳ ಎಂದು ಹೇಳುವಾಗ ಬೆರಳು ಗಾಳಿಯಲ್ಲಿ ಸವರಿತು. ನಡುವೆ ಒಂದು ಬಸ್ಸು ಹಾರ್ನ್ ಮಾಡಿತು. ಅದು ಹೋಗುವವರೆಗೆ ನಿಂತು, ಆ ವಾಕ್ಯವನ್ನು ಮೊದಲಿನಿಂದ ಹೇಳಿದರು.

ಶಾಲೆಯಲ್ಲಿ ನನಗೆ ಇತಿಹಾಸ ಎಂದರೆ ನಿದ್ದೆ. ಅವತ್ತು ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಕೊನೆಯವರೆಗೂ ಕೇಳಿದೆ. ಅವರು ಧ್ವನಿಮುದ್ರಣ ನಿಲ್ಲಿಸಿ ನೀರು ಕುಡಿದರು.

"ಅರ್ಥ ಆಯ್ತೇನ್ರಿ?"

"ಆಯ್ತು ಸರ್. ಒಂದು ಕೇಳ್ಲಾ? ಆ ಭಾಷೆ ಈ ಕಡೆ ಜನರದ್ದಲ್ಲ, ಲಿಪಿನೂ ಅವರಿಗೆ ಗೊತ್ತಿರ್ಲಿಲ್ಲ ಅಂದ್ರಿ. ಹಂಗಾದ್ರೆ ಅಷ್ಟು ಕಷ್ಟಪಟ್ಟು ಕೆತ್ತಿದ್ದನ್ನ ಓದೋರು ಯಾರಿದ್ರು?"

ಅವರು ಬಾಟಲಿಯನ್ನು ಕೆಳಗಿಟ್ಟರು. "ತಡೀರಿ" ಎಂದು ಕೀಲಿ ಒತ್ತಿ ಧ್ವನಿಮುದ್ರಣವನ್ನು ಮತ್ತೆ ಚಾಲೂ ಮಾಡಿದರು. "ಇದನ್ನ ಪಾಠದಲ್ಲಿ ಹೇಳೋದೇ ಮರ್ತಿದ್ದೆ. ಇನ್ನೊಂದ್ಸಲ ಕೇಳ್ರಿ. ಗಟ್ಟಿಯಾಗಿ."

ನನಗೆ ನಾಚಿಕೆಯಾಯಿತು. ಗಂಟಲು ಸರಿಮಾಡಿಕೊಂಡು ಕೇಳಿದೆ. ಅವರು ಪಾಠದ ದನಿಯಲ್ಲಿ ಉತ್ತರ ಹೇಳಿದರು.

"ಒಳ್ಳೆಯ ಪ್ರಶ್ನೆ. ಅದನ್ನು ಎಲ್ಲರೂ ಓದಲಿ ಎಂದು ಕೆತ್ತಿದ್ದಲ್ಲ. ಓದಲು ಬಲ್ಲ ಅಧಿಕಾರಿಯೊಬ್ಬ ಅಲ್ಲಿ ನಿಂತು, ಜನರನ್ನು ಸೇರಿಸಿ, ಅವರ ಮಾತಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದನೆಂದು ವಿದ್ವಾಂಸರು ಭಾವಿಸುತ್ತಾರೆ. ಹಾಗಾಗಿ ಆ ಕಾಲದಲ್ಲಿ ಶಾಸನವನ್ನು ಬಲ್ಲವರಲ್ಲಿ ಹೆಚ್ಚಿನವರು ಅದನ್ನು ಕಣ್ಣಿನಿಂದ ಓದಿದವರಲ್ಲ, ಕಿವಿಯಿಂದ ಕೇಳಿದವರು. ಮಕ್ಕಳೇ, ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಹೆದರಬೇಡಿ. ಇದರ ಉತ್ತರ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ."

ಅಷ್ಟು ಹೇಳಿ ನಿಲ್ಲಿಸಿದರು. ಕಡತವನ್ನು ಅಲ್ಲಿಂದಲೇ ಆ ಹುಡುಗಿಗೆ ಕಳಿಸಿ, ನನ್ನ ಡ್ರೈವಿನಲ್ಲೂ ಒಂದು ಕಾಪಿ ಹಾಕಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿದರು.

ಮಾರನೇ ದಿನ ಬೆಳಿಗ್ಗೆ ನಾನು ಷಟರ್ ಎತ್ತುತ್ತಿರುವಾಗ ಕೋಲಿನ ಸದ್ದು ಬಂದು ಮೆಟ್ಟಿಲ ಹತ್ತಿರ ನಿಂತಿತು.

"ಆ ಹುಡುಗಿ ಫೋನ್ ಮಾಡಿದ್ಲು" ಎಂದರು ಮೇಷ್ಟ್ರು. "ಪಾಠದ ಕೊನೇಲಿ ಪ್ರಶ್ನೆ ಕೇಳಿದ ಅಕ್ಕ ಯಾರು ಸರ್, ಯಾವ ಕಾಲೇಜಿನೋರು ಅಂತ ಕೇಳಿದ್ಲು."

"ನೀವೇನಂದ್ರಿ ಸರ್?"

"ನಮ್ಮ ಕ್ಲಾಸಿನೋರೇ ಅಂದೆ" ಎಂದು ಹೇಳಿ, ಕೋಲು ತಟ್ಟುತ್ತ ಕಾಲೇಜಿನ ಕಡೆಗೆ ನಡೆದರು.